ಅಪ್‌ಡೇಟ್: ಲೇಕ್ ಸ್ಟ್ರೀಟ್ ಮಾರ್ಕೆಟ್‌ಗೆ ಹೋಗಿ ಬಂದೆ

ಅಮೆರಿಕದ ಮಿನಿಯಾಪೊಲಿಸ್‌ ನಗರದ ಲೇಕ್ ಸ್ಟ್ರೀಟ್‌ನಲ್ಲಿರುವ ಮಿಡ್‌ಟೌನ್ ಗ್ಲೋಬಲ್ ಮಾರ್ಕೆಟ್ ಬರೀ ಬಿಲ್ಡರ್‌ಗಳ ಐಡಿಯಾನಾ, ಅಂತ ಹೋದ ತಿಂಗಳು ಕೇಳಿದ್ದೆ. ಅಲ್ಲ ಅಂದವರೇ ಗೆದ್ದಿರಿ.

ಮಾರ್ಕೆಟ್‌ನ 1928ರ ಕಟ್ಟಡ ಮೊದಲು ಸಿಯರ್ಸ್ ಅನ್ನೋ ದೊಡ್ಡ ಅಂಗಡಿ ಕಂಪನಿಯದು. ಸಿಯರ್ಸ್ 1994ರಲ್ಲಿ ಅಲ್ಲಿ ಬಾಗಿಲು ಹಾಕಿತು, ಮಾರ್ಕೆಟ್ ತೆರೆದದ್ದು 2006ರಲ್ಲಿ. ನಾನು ಗಮನಿಸದೇ ಇದ್ದದ್ದು ನಡುವಿನ 1999. ಅದೇ ರಸ್ತೆಯಲ್ಲಿ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ವಲಸಿಗರು ಸಹಕಾರಿ ಸಂಘ ಕಟ್ಟಿಕೊಂಡು 'ಮರ್ಕಾಡೊ ಸೆಂಟ್ರಲ್' ಅನ್ನೋ ಮಾರ್ಕೆಟ್ ಶುರುಮಾಡಿದ್ದರು. ಸಣ್ಣ ಅಂಗಡಿಯವರು ಒಟ್ಟಾದರೆ ಬಡಾವಣೆ ಎದ್ದು ನಿಲ್ಲುತ್ತದೆ ಅಂತ ಮೊದಲು ತೋರಿಸಿಕೊಟ್ಟವರು ಅವರೇ.

ಸೊಮಾಲಿ ಸಂಬೂಸಾನೂ ತಿಂದೆ. ತ್ರಿಕೋನ ನಮ್ಮ ಸಮೋಸಾದ್ದೇ, ಆದರೆ ಹಾಳೆ ತೆಳು, ಒಳಗೆ ಆಲೂಗಡ್ಡೆ ಬದಲು ಖೀಮಾ. ಪೊಟ್ಟಣದ ಕಾಗದಕ್ಕೆ ಎಣ್ಣೆ ಇಳಿಯುವಷ್ಟರಲ್ಲಿ ಖಾಲಿ! ಬಾಡಿಗೆ ಕಟ್ಟಿ ಏನುಳಿಯುತ್ತೆ ಅಂತ ಅಂಗಡಿಯಾಕೆಯನ್ನು ಕೇಳಬೇಕಿತ್ತು, ಕ್ಯೂ ಉದ್ದ ಇತ್ತು. ಮುಂದಿನ ಸಲ ವಾರದ ಮಧ್ಯೆ ಹೋಗ್ತೀನಿ.