ಸಹಾಯ ಬೇಕು: ಹಠಾತ್ ಹಲ್ಲೆ ಎದುರಿಸೋ ಅಭ್ಯಾಸಕ್ಕೆ ಬಳ್ಳಾರಿಯಲ್ಲಿ ಜಾಗ, ಜನ

ಎಲ್ಲರಿಗೂ ನಮಸ್ಕಾರ್ರಿ. ಕೌಲ್‌ಬಜಾರ್ ಕಡೆ ಭಾನುವಾರ ಬೆಳಿಗ್ಗೆ 2 ತಾಸಿಗೆ 20 ಅಡಿ ಉದ್ದಗಲದ ಹಾಲ್ ಬೇಕಾಗಿದೆ. ಬೈಯುತ್ತ ಮೈಮೇಲೆ ಬರೋ ಪಾತ್ರಕ್ಕೆ ಮೂವರು ಬೇಕು, ಕಲಿಯುವವರಿಗೆ ಪರಿಚಯ ಇರಬಾರದು. ಗೆಳೆಯ ಬೈದರೆ ನಗು ಬರುತ್ತೆ, ಎದೆ ಹೊಡ್ಕೊಳ್ಳಲ್ಲ. ಅಂಥ ಅಭ್ಯಾಸ ದಂಡ.

ಪಟ್ಟು ಬಲ್ಲವರೂ ಬೀದಿಯಲ್ಲಿ ಮರಗಟ್ಟಿ ನಿಲ್ಲೋದುಂಟು. ಅಡ್ರಿನಲಿನ್ (ಭಯ ಆದಾಗ ಮೈಯಲ್ಲಿ ಹರಿಯೋ ಹಾರ್ಮೋನ್) ಏರಿದರೆ ನೋಟ ಕಿರಿದಾಗಿ ಪಕ್ಕದಲ್ಲಿರೋ ಎರಡನೆಯವನು ಕಾಣಲ್ಲ. ಬೆರಳು ನಡುಗಿ ಫೋನ್ ಲಾಕ್ ತೆಗೆಯೋದೂ ಕಷ್ಟ. ಅದಕ್ಕೇ ನಿರ್ಧಾರ ಮನೆಯಲ್ಲೇ ಆಗಿರಬೇಕು: "ಅಪರಿಚಿತ ಎರಡು ತೋಳಿನಳತೆ ಒಳಗೆ ನುಗ್ಗಿದರೆ ಎರಡೂ ಅಂಗೈ ಎದೆಮಟ್ಟಕ್ಕೆ ಎತ್ತಿ 'ಹಿಂದೆ ಸರಿ' ಅಂತ ಕೂಗ್ತೀನಿ, ಮತ್ತೂ ಬಂದರೆ ನೂಕಿ, ಜನ ಇರೋ ಕಡೆ ಓಡಿ, 112ಕ್ಕೆ ಫೋನ್ ಮಾಡ್ತೀನಿ." ಇದಿಷ್ಟೇ ಸಾಕು. ಐದು ಉಪಾಯ ಇಟ್ಟುಕೊಂಡರೆ ಆರಿಸೋದರೊಳಗೆ ಏಟು ಬಿದ್ದಿರುತ್ತೆ. (ಪರ್ಸ್ ಕೇಳಿದರೆ ಕೊಟ್ಟುಬಿಡಿ, ಅದಕ್ಕೆ ಜಗಳ ಬೇಡ.)

ಅಭ್ಯಾಸದ ಪ್ರತಿ ಸುತ್ತಿನ ಮುಂಚೆ, ನಂತರ ಉಸಿರು: 4 ಎಣಿಕೆ ಎಳೆದು, 4 ಹಿಡಿದು, 4 ಬಿಟ್ಟು, 4 ತಡೆದು. "ಸಾಕು" ಅಂದ ಕೂಡಲೇ ಎಲ್ಲರೂ ನಿಲ್ಲಬೇಕು.

ಅರ್ಧ ತಾಸು ಮಾತಾಡೋಕೆ ಒಬ್ಬ ವಕೀಲರೂ ಬೇಕು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂ ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ಆದರೆ ಓಡಿಹೋಗುವವನನ್ನು ಸೇಡಿಗಾಗಿ ಬೆನ್ನಟ್ಟಿ ಹೊಡೆದರೆ ರಕ್ಷಣೆ ಅನ್ನಿಸಲ್ಲ. ಬರುವವರು ಕೆಳಗೆ ತಿಳಿಸಿ.