ಹಿತ್ತಾಳೆ ಕಲ್ಲು, ಹುಣಸೆಹಣ್ಣು

"ನಮ್ಮ ತಾತ ಹಾಸನದಲ್ಲಿ ಬೇಸಾಯ ಮಾಡ್ಕೊಂಡಿದ್ರು. ಹಿಟ್ಲರ್ ಮಾಡಿದ್ದಕ್ಕೆ ನಾನ್ಯಾಕೆ ತಲೆ ತಗ್ಗಿಸಬೇಕು?" ಎಂದು ಇಲ್ಲಿ ಜರ್ಮನಿಯಲ್ಲಿ ಬೆಳೆಯುತ್ತಿರುವ ನಿಮ್ಮ ಮಗ ಕೇಳಿದನಂತೆ. ನನ್ನ ಮಗಳೂ ಇದನ್ನೇ ಕೇಳಿದ್ದಳು.

ಬರ್ಲಿನ್‌ನಲ್ಲಿ ನಮ್ಮ ಬಿಲ್ಡಿಂಗ್ ಬಾಗಿಲ ಮುಂದೆ, ಫುಟ್‌ಪಾತಿನಲ್ಲಿ, ಮೂರು ಸ್ಟೋಲ್ಪರ್‌ಸ್ಟೈನ್ ಇವೆ, ನಾಜಿಗಳಿಗೆ ಬಲಿಯಾದವರ ನೆನಪಿನ ಕಲ್ಲುಗಳು. ಹತ್ತು ಸೆಂಟಿಮೀಟರ್ ಚೌಕದ ಕಲ್ಲು, ಮೇಲೆ ಹಿತ್ತಾಳೆ ತಗಡು. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು 1992ರಲ್ಲಿ ಕೊಲೋನ್‌ನಲ್ಲಿ ಮೊದಲ ಕಲ್ಲು ಕೂರಿಸಿದರು. ಈಗ ಯುರೋಪಿನಲ್ಲಿ ಒಂದು ಲಕ್ಷ ದಾಟಿವೆ. 'ಇಲ್ಲಿ ವಾಸವಿದ್ದರು' ಎಂದು ಶುರು. ಆಮೇಲೆ ಹೆಸರು, ಹುಟ್ಟಿದ ವರ್ಷ, ಹಿಡಿದು ಸಾಗಿಸಿದ ದಿನ, ಕೊಂದ ಜಾಗ. ನಮ್ಮ ಬಾಗಿಲಲ್ಲಿರುವುದು ಒಂದು ಯಹೂದಿ ಮನೆಯ ಅಪ್ಪ, ಅಮ್ಮ, ಏಳು ವರ್ಷದ ಹುಡುಗಿ. 1943, ಔಶ್ವಿಟ್ಜ್ ಎಂಬ ನಾಜಿ ಕೊಲೆ ಶಿಬಿರ.

1938ರ ನವೆಂಬರ್ 9ರ ರಾತ್ರಿ ನಾಜಿಗಳು ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ಟರು. ಪ್ರತಿವರ್ಷ ಆ ದಿನ ಜನ ಈ ಕಲ್ಲುಗಳನ್ನು ಉಜ್ಜಿ ಮೇಣದಬತ್ತಿ ಹಚ್ಚುತ್ತಾರೆ. ಹೋದ ವರ್ಷ ನಾನು ದೇವರ ದೀಪ ಬೆಳಗುವಾಗಿನ ಹಾಗೆ ಹುಣಸೆಹಣ್ಣು ನೆನೆಸಿಕೊಂಡು ಹೋದೆ. ಮಗಳು ಹಳೇ ಟೂತ್‌ಬ್ರಶ್ ಹಿಡಿದು ಕೂತಳು. ಕಪ್ಪು ಬಿಟ್ಟು ಆ ಹುಡುಗಿಯ ಹೆಸರು ಮೇಲೆ ಬಂತು.

"ಇವಳೂ ಜರ್ಮನ್ನೇ ಅಲ್ವಾ, ಅಮ್ಮಾ?"

ಹೌದು ಎಂದೆ. ಮೊದಲ ಮಹಾಯುದ್ಧದಲ್ಲಿ ಸುಮಾರು ಒಂದು ಲಕ್ಷ ಯಹೂದಿಗಳು ಜರ್ಮನಿಗಾಗಿ ಸೈನ್ಯದಲ್ಲಿದ್ದರು, ಸುಮಾರು 12,000 ಜನ ಸತ್ತರು. 1935ರ ಒಂದು ಕಾನೂನು ಅವರ ಪೌರತ್ವದ ಹಕ್ಕು ಕಿತ್ತುಕೊಂಡಿತು. ಪದಕ ತೋರಿಸಿದರೂ ನಡೆಯಲಿಲ್ಲ.

"ಈ ಬಿಲ್ಡಿಂಗಿನಲ್ಲಿ ಬೇರೆಯವರೂ ಇದ್ರಲ್ಲಾ, ಅವರು ಏನೂ ಅನ್ಲಿಲ್ವಾ?"

ನಿಮ್ಮ ಮಗನಿಗೆ ನಾನು ಹೇಳುವುದು ಇಷ್ಟು. ತಪ್ಪು ನಿನ್ನದಲ್ಲ. 1985ರಲ್ಲಿ ಆಗಿನ ಪಶ್ಚಿಮ ಜರ್ಮನಿಯ ಅಧ್ಯಕ್ಷ ವೈಟ್ಸೆಕರ್ ಕೂಡ, ಆಗ ಮಕ್ಕಳಾಗಿದ್ದವರು, ಹುಟ್ಟದೇ ಇದ್ದವರು ತಪ್ಪಿತಸ್ಥರಲ್ಲ, ಆದರೆ ಆ ಇತಿಹಾಸವನ್ನು ಎಲ್ಲರೂ ಒಪ್ಪಿಕೊಳ್ಳಬೇಕು ಎಂಬರ್ಥದಲ್ಲಿ ಮಾತಾಡಿದ್ದರು. 2024ರ ಜೂನ್‌ನಿಂದ ಜರ್ಮನ್ ಪೌರತ್ವ ಕೇಳುವ ನಾವೂ ಅದನ್ನು ಬರಹದಲ್ಲಿ ಒಪ್ಪಬೇಕು. ನಾಜಿ ಆಡಳಿತಕ್ಕಾಗಿ ಜರ್ಮನಿಗಿರುವ ವಿಶೇಷ ಹೊಣೆ, ಯಹೂದಿಗಳ ಬದುಕಿನ ರಕ್ಷಣೆ, ಎರಡೂ ಅದರಲ್ಲಿವೆ. ಪಾಸ್‌ಪೋರ್ಟ್, ಶಾಲೆ, ಮಕ್ಕಳ ಭತ್ಯೆ ಎಲ್ಲ ಬೇಕು, ಮನೆಯ ಹಳೇ ಸಾಲ ಮಾತ್ರ ಬೇಡ ಅಂದರೆ ಹೇಗೆ?

ಹಾಸನದ ತಾತನ ವಿಷಯವನ್ನೂ ಬಿಡಬೇಡಿ. ನಮ್ಮ ಅಜ್ಜಿ ಮನೆಯ ಕೊಟ್ಟಿಗೆಯ ಗೂಡಿನಲ್ಲಿ ಎರಡು ಲೋಟ ಬೇರೆ ಇರುತ್ತಿದ್ದವು, ಗದ್ದೆ ಕೆಲಸಕ್ಕೆ ಬರುವವರಿಗೆ. ಕಾಫಿಯನ್ನು ಮೇಲಿಂದ ಹುಯ್ಯುತ್ತಿದ್ದರು. ಇದು ಔಶ್ವಿಟ್ಜ್ ಅಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ನಾನು ಅದನ್ನು ಕಣ್ಣಾರೆ ನೋಡಿದ್ದೆ. ಮಗಳಿಗೆ ಹೇಳಿದ್ದು ಅವತ್ತೇ ಮೊದಲು.

ಅದಾಗಿ ಒಂದು ವಾರಕ್ಕೆ ವಿಡಿಯೋ ಕಾಲ್‌ನಲ್ಲಿ ಚಿಕ್ಕಪ್ಪ ಯಾರದೋ ಜಾತಿ ಎತ್ತಿ ಹೀಯಾಳಿಸಿದರು. ಮಗಳು ಪಕ್ಕದಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. "ಚಿಕ್ಕಪ್ಪ, ಹಾಗೆಲ್ಲ ಮಾತಾಡಬೇಡಿ" ಎಂದೆ. ಧ್ವನಿ ನಡುಗಿತು. ಅವರು ಇನ್ನೂ ಫೋನ್ ಮಾಡಿಲ್ಲ.