ಪುಟ್ಟನ ಪಿಕಪ್‌ಗೆ ಯಾವ ಮಫ್ಲರ್, ಒಂದು ಪೈಪಾ ಎರಡಾ

ಪುಟ್ಟಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ, ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. 2015ರ ಷೆವರ್ಲೆ ಸಿಲ್ವರಾಡೋ ಪಿಕಪ್, 5.3 ಲೀಟರ್ ಎಂಜಿನ್. ಮಫ್ಲರ್ (ಎಂಜಿನ್ ಹೊಗೆಯ ಶಬ್ದ ಅಡಗಿಸುವ ಡಬ್ಬ) ಜಾಯಿಂಟ್ ಹತ್ತಿರ ತುಕ್ಕು ಹಿಡಿದು ತೂತು ಬಿದ್ದಿದೆ. ಅಂಗಡಿಯವನು "ಹೇಗೂ ಬಿಚ್ಚುತ್ತೀವಿ, ಟ್ರೂ ಡ್ಯುಯಲ್ ಎಕ್ಸಾಸ್ಟ್ ಹಾಕಿಸಿಬಿಡಿ, ಪವರ್ ಬರುತ್ತೆ" ಅಂದಿದ್ದಾನೆ. ಅಂದರೆ ಎಂಜಿನ್ನಿನ ಎರಡು ಮಗ್ಗುಲಿನಿಂದಲೂ ಹಿಂದಿನವರೆಗೆ ಬೇರೆ ಬೇರೆ ಹೊಗೆ ಪೈಪ್. ಹಾಕಿಸಲಾ ಬೇಡವಾ ಅಂತ ನೀನು ಕೇಳಿದ್ದೀಯ. ಅಣ್ಣ ಶಿವಮೊಗ್ಗದಿಂದ "ಎರಡು ಪೈಪ್ ಇದ್ದರೆ ಮೈಲೇಜ್ ಜಾಸ್ತಿ ಬರುತ್ತಾ" ಅಂತ ಕೇಳಿದ್ದಾನೆ. ಇಬ್ಬರಿಗೂ ಒಟ್ಟಿಗೇ ಹೇಳುತ್ತೇನೆ. ನಾನು ಇಷ್ಟು ವರ್ಷ ಡೆಟ್ರಾಯ್ಟ್‌ನಲ್ಲಿ ಮಾಡಿದ್ದು ಎಕ್ಸಾಸ್ಟ್ ಪರೀಕ್ಷೆಯ ಕೆಲಸವೇ, ಹಾಗಾಗಿ ಉದ್ದ ಆಗುತ್ತದೆ. ಊಟ ಮುಗಿಸಿ ಆರಾಮವಾಗಿ ಕೇಳು.

ಮೊದಲೇ ಹೇಳಿಬಿಡುತ್ತೇನೆ. ನಿನ್ನ ಗಾಡಿಗೆ ಟ್ರೂ ಡ್ಯುಯಲ್ ಬೇಡ. ದೊಡ್ಡ ಮಫ್ಲರ್ ಇರುವ, ಮೂರು ಇಂಚಿನ, ಸ್ಟೇನ್‌ಲೆಸ್ ಸ್ಟೀಲಿನ ಒಂದೇ ಪೈಪಿನ ಸೆಟ್ ಸಾಕು. ಹಿಂದೆ ಎರಡು ಬಾಯಿ ಕಾಣಬೇಕು ಅಂತ ತುಂಬಾ ಆಸೆ ಇದ್ದರೆ ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಆದರೆ ಆರ್ಡರ್ ಮಾಡುವ ಮೊದಲು ಒಂದು ಪರೀಕ್ಷೆ ಮಾಡು. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ ಬಾನೆಟ್ ತೆಗೆದು ಕೇಳು. ಟಿಕ್ ಟಿಕ್ ಅಂತ ಶಬ್ದ ಬಂದು, ಎಂಜಿನ್ ಬಿಸಿಯಾಗುತ್ತಾ ಕಡಿಮೆಯಾದರೆ ಅದು ಮಫ್ಲರಿನದಲ್ಲ. ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಈ ಎಂಟು ಸಿಲಿಂಡರಿನ ವಿ8 ಎಂಜಿನ್‌ಗಳಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಸಿಲಿಂಡರುಗಳ ಹೊಗೆಯನ್ನು ಒಂದು ಪೈಪಿಗೆ ಸೇರಿಸುವ ಭಾಗ) ಬೋಲ್ಟ್ ಮುರಿಯುವುದು ಬಹಳ ಸಾಮಾನ್ಯ, ಅದರಲ್ಲೂ ಹಿಂದಿನ ಮೂಲೆಯ ಬೋಲ್ಟ್. ಮ್ಯಾನಿಫೋಲ್ಡ್ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಶಬ್ದ ನಿಂತ ಹಾಗೆ ಅನಿಸುತ್ತದೆ. ಇದನ್ನು ಬಿಟ್ಟು ಹಿಂದೆ ಎಷ್ಟೇ ದುಡ್ಡು ಸುರಿದರೂ ಟಿಕ್ ಟಿಕ್ ಹೋಗುವುದಿಲ್ಲ. ಜೊತೆಗೆ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಮುಂದೆ ಸೋರಿಕೆ ಇದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಕಡಿಮೆಯಾಯಿತು ಅಂತ ಕಂಪ್ಯೂಟರ್ ತಪ್ಪು ತಿಳಿದು ಇನ್ನಷ್ಟು ಸುರಿಯುತ್ತದೆ. ಅಣ್ಣ ಕೇಳಿದ ಮೈಲೇಜ್ ನಿಜವಾಗಿ ಹೋಗುವುದು ಅಲ್ಲಿ.

ಈಗ ಮುಖ್ಯ ವಿಷಯ. ನಿನ್ನ ಗಾಡಿಯಲ್ಲಿ ಆಕ್ಟಿವ್ ಫ್ಯೂಯಲ್ ಮ್ಯಾನೇಜ್‌ಮೆಂಟ್ ಅಂತ ಇದೆ. ಹೆದ್ದಾರಿಯಲ್ಲಿ ಸುಮ್ನೆ ಒಂದೇ ವೇಗದಲ್ಲಿ ಹೋಗುವಾಗ ಎಂಟರಲ್ಲಿ ನಾಲ್ಕು ಸಿಲಿಂಡರ್ ಮಲಗುತ್ತವೆ. 1, 4, 6, 7ನೇ ಸಿಲಿಂಡರ್‌ಗಳು. ಪೆಟ್ರೋಲ್ ಉಳಿಸುವುದಕ್ಕೆ ಮಾಡಿದ್ದು. ಮಫ್ಲರ್ ಆರಿಸುವಾಗ ತಲೆನೋವು ಕೊಡುವುದೂ ಇದೇ.

ಲೆಕ್ಕ ನೋಡು. 1800 ಆರ್‌ಪಿಎಂ ಅಂದರೆ ಸೆಕೆಂಡಿಗೆ 30 ಸುತ್ತು. ವಿ8 ಎಂಜಿನ್ ಸುತ್ತಿಗೆ ನಾಲ್ಕು ಸಲ ಉರಿಯುತ್ತದೆ, ಅಂದರೆ ಸೆಕೆಂಡಿಗೆ 120 ಬಡಿತ. ನಾಲ್ಕು ಸಿಲಿಂಡರ್ ಮಲಗಿದರೆ ಅದು 60ಕ್ಕೆ ಇಳಿಯುತ್ತದೆ. ಶಬ್ದ ಕೆಳಗಿನದಾದಷ್ಟೂ ಅದನ್ನು ಅಡಗಿಸಲು ಮಫ್ಲರ್ ಒಳಗೆ ಜಾಗ ಜಾಸ್ತಿ ಬೇಕು. ಕಂಪನಿಯ ಮಫ್ಲರ್ ಅಷ್ಟು ದಪ್ಪ, ಅಷ್ಟು ಉದ್ದ ಇರುವುದು ಸುಮ್ನೆ ಅಲ್ಲ. ಅದನ್ನು ತೆಗೆದು ಪುಟ್ಟ ಡಬ್ಬದಂಥದ್ದು ಹಾಕಿಸಿದರೆ ಮನೆಯ ಮುಂದೆ ನಿಂತಾಗ ಚೆನ್ನಾಗಿಯೇ ಕೇಳಿಸುತ್ತದೆ. ಗ್ರ್ಯಾಂಡ್ ರ‍್ಯಾಪಿಡ್ಸ್‌ನಿಂದ ನಮ್ಮ ಮನೆಗೆ ಎರಡು ಗಂಟೆಗೂ ಮೀರಿದ ದಾರಿ. ಆ ದಾರಿಯುದ್ದಕ್ಕೂ ಒಳಗೆ ಹಿಟ್ಟಿನ ಗಿರಣಿಯ ಪಕ್ಕ ಕೂತ ಹಾಗೆ ಗುಂಯ್ ಅನ್ನುತ್ತಿರುತ್ತದೆ. ಇಲ್ಲಿ ಇದಕ್ಕೆ ಡ್ರೋನ್ ಅನ್ನುತ್ತಾರೆ. ಹಿಂದಿನ ಸೀಟಿನಲ್ಲಿ ಮಗು ಮಲಗಬೇಕಲ್ವಾ? ರೇಡಿಯೋ ಜೋರು ಮಾಡಿದರೂ ಇದು ಮುಚ್ಚುವುದಿಲ್ಲ, ಎದೆಗೇ ಬಡಿಯುತ್ತದೆ.

ಟ್ರೂ ಡ್ಯುಯಲ್ ಬೇಡ ಅನ್ನುವುದಕ್ಕೆ ನನ್ನ ದೊಡ್ಡ ಕಾರಣವೂ ಇದೇ ಕಣೋ. ಈ ಎಂಜಿನ್ ಉರಿಯುವ ಕ್ರಮ 1-8-7-2-6-5-4-3. ಮಲಗುವ ನಾಲ್ಕನ್ನು ತೆಗೆದರೆ ಉಳಿಯುವುದು 8, 2, 5, 3. ಸರಿಸಂಖ್ಯೆಯವು ಎಂಜಿನ್ನಿನ ಒಂದು ಮಗ್ಗುಲು, ಬೆಸಸಂಖ್ಯೆಯವು ಇನ್ನೊಂದು ಮಗ್ಗುಲು. ಅಂದರೆ ಒಂದು ಮಗ್ಗುಲಿನ ಪೈಪಿಗೆ ಎರಡು ಬಡಿತ ಒಟ್ಟೊಟ್ಟಿಗೆ, ಆಮೇಲೆ ಖಾಲಿ. ಆ ಹೊತ್ತಿನಲ್ಲಿ ಇನ್ನೊಂದು ಪೈಪಿಗೆ ಎರಡು, ಆಮೇಲೆ ಅದೂ ಖಾಲಿ. ಎರಡೂ ಮಗ್ಗುಲು ಒಂದೇ ಪೈಪಿಗೆ ಸೇರಿದರೆ ನಾಲ್ಕೂ ಬಡಿತ ಸಮವಾಗಿ ಬರುತ್ತವೆ, ಕಿವಿಗೆ ಹಿತ. ಮುಂದಿನಿಂದಲೇ ಬೇರೆ ಬೇರೆ ಪೈಪ್ ಎಳೆದರೆ ಕುಂಟುವ ಶಬ್ದ. ಮಧ್ಯೆ ಎಕ್ಸ್ ಆಕಾರದ ಜೋಡಣೆ ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ, ಆದರೆ ಅಷ್ಟೆಲ್ಲ ಖರ್ಚು ಯಾಕೆ? ಗಾಡಿಯ ಕಂಪ್ಯೂಟರಿಗೆ ಸಂಪರ್ಕ ಕೊಡುವ ಓಬಿಡಿ ಪೋರ್ಟಿಗೆ ಚುಚ್ಚಿ ಸಿಲಿಂಡರ್ ಮಲಗದ ಹಾಗೆ ಮಾಡುವ ಸಾಧನಗಳೂ ಸಿಗುತ್ತವೆ. ಡ್ರೋನ್ ಕಡಿಮೆಯಾಗುತ್ತದೆ, ಮೈಲೇಜ್ ಸ್ವಲ್ಪ ಬಿಟ್ಟುಕೊಡಬೇಕು.

ಪವರ್ ಬರುತ್ತೆ ಅಂದನಲ್ಲ, ಅದಕ್ಕೆ ಬರುತ್ತೇನೆ. ನಿನ್ನ ಎಂಜಿನ್ 355 ಹಾರ್ಸ್‌ಪವರಿನದು. ಮೂರು ಇಂಚಿನ ಒಂದು ಪೈಪಿನ ಬಾಯಿ ಸುಮಾರು 7 ಚದರ ಇಂಚು. ಎರಡೂವರೆ ಇಂಚಿನ ಎರಡು ಪೈಪ್ ಸೇರಿದರೆ ಸುಮಾರು 9.8. ಈ ಎಂಜಿನ್ನಿನ ಹೊಗೆ ಆರಾಮವಾಗಿ ಹೋಗಲು ಮೊದಲನೆಯದೇ ಸಾಕು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನ ಭಾಗ ಮಾತ್ರ ಬದಲಾಯಿಸಿದರೆ ಸಿಗುವುದು ಬೆರಳೆಣಿಕೆಯ ಹಾರ್ಸ್‌ಪವರ್, ಅದೂ ಮೇಲಿನ ಆರ್‌ಪಿಎಂನಲ್ಲಿ. ನೀನು ಬೇಸಿಗೆಯಲ್ಲಿ ಕ್ಯಾಂಪಿಂಗ್ ಟ್ರೈಲರ್ ಕಟ್ಟಿಕೊಂಡು ಮ್ಯಾಕಿನಾ ಸೇತುವೆ ದಾಟಿ ಹೋಗುವವನು. ನಿನಗೆ ಬೇಕಾದ್ದು ಕೆಳಗಿನ ಆರ್‌ಪಿಎಂನ ಎಳೆತ. ಪೈಪ್ ಅಗತ್ಯಕ್ಕಿಂತ ದಪ್ಪವಾದರೆ ಹೊಗೆಯ ವೇಗ ಇಳಿಯುತ್ತದೆ, ಆ ಎಳೆತಕ್ಕೆ ಅದು ಒಳ್ಳೆಯದಲ್ಲ. "ಎಂಜಿನ್‌ಗೆ ಬ್ಯಾಕ್ ಪ್ರೆಷರ್ ಬೇಕು" ಅಂತ ಹೇಳುವವರು ಇದ್ದಾರೆ. ಅಂದರೆ ಹೊಗೆಗೆ ಎದುರು ತಡೆ. ಬೇಕಾದ್ದು ಆ ತಡೆ ಅಲ್ಲ, ವೇಗ. ಅಣ್ಣನಿಗೆ ಉತ್ತರ: ಎರಡು ಪೈಪಿನಿಂದ ಲೆಕ್ಕಕ್ಕೆ ಸಿಗುವಷ್ಟು ಮೈಲೇಜ್ ಬರುವುದಿಲ್ಲ.

ಇನ್ನು ಮಫ್ಲರ್ ಜಾತಿ. ಒಂದು ಜಾತಿಯಲ್ಲಿ ಒಳಗೆ ತಗಡಿನ ಗೋಡೆಗಳು, ಕೋಣೆ ಕೋಣೆ. ಶಬ್ದ ಗೋಡೆಗೆ ಬಡಿದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಫ್ಲೋಮಾಸ್ಟರ್ 40 ಸೀರೀಸ್ ಈ ಜಾತಿಯದು. ಗುಡುಗಿನ ಹಾಗೆ ಬೇಕು ಅನ್ನುವವರಿಗೆ ಅದು ಇಷ್ಟ, ನಿನ್ನ ಗಾಡಿಗೆ ನಾನು ಅದನ್ನು ಹೇಳುವುದಿಲ್ಲ. ಇನ್ನೊಂದು ಜಾತಿಯಲ್ಲಿ ತೂತು ತೂತಿನ ನೇರ ಕೊಳವೆ, ಅದರ ಸುತ್ತ ಶಬ್ದ ಹೀರುವ ನಾರು. ಮ್ಯಾಗ್ನಾಫ್ಲೋ, ಬೋರ್ಲಾ ಇವರದು ಹೆಚ್ಚಾಗಿ ಇದೇ. ಇದರಲ್ಲಿ ಡಬ್ಬ ಉದ್ದ ಇದ್ದಷ್ಟೂ ಮೆತ್ತಗೆ. ಮೂರನೆಯದು ಕಂಪನಿ ಮಫ್ಲರಿನ ಜಾಗದಲ್ಲಿ ಹಾಗೇ ಕೂರುವಂಥದ್ದು, ವಾಕರ್ ಕ್ವೈಟ್-ಫ್ಲೋ ಥರದ್ದು. ಶಬ್ದವೇ ಬೇಡ, ಮೊದಲಿನ ಹಾಗಿದ್ದರೆ ಸಾಕು ಅಂದರೆ ಅದು ಒಳ್ಳೆಯ ಆಯ್ಕೆ, ಅಗ್ಗವೂ ಹೌದು. ಸ್ವಲ್ಪ ಗಂಭೀರ ಶಬ್ದ ಬೇಕು ಅಂದರೆ ಎರಡನೇ ಜಾತಿಯಲ್ಲಿ ಉದ್ದನೆಯದು. ಇನ್ನೂ ಒಂದು: ಮಾರುವವರು ಹಾಕುವ ವಿಡಿಯೋಗಳಲ್ಲಿ ಗಾಡಿ ನಿಂತಲ್ಲೇ ಗುರ್ ಅನ್ನುತ್ತದೆ. ಅದನ್ನು ನೋಡಿ ತೀರ್ಮಾನ ಮಾಡಬೇಡ. ನಿನ್ನದೇ ಎಂಜಿನ್ ಇರುವ ಗಾಡಿಯ ಒಳಗೆ, ಹೆದ್ದಾರಿಯಲ್ಲಿ, 70 ಮೈಲಿ ವೇಗದಲ್ಲಿ ರೆಕಾರ್ಡ್ ಮಾಡಿದ್ದು ಹುಡುಕು.

ಎರಡು ಬಾಯಿ ಬೇಕೇ ಬೇಕು ಅಂದರೆ ಒಂದು ಕಡೆ ಒಳಗೆ ಬಂದು ಎರಡು ಕಡೆ ಹೊರಗೆ ಹೋಗುವ ಮಫ್ಲರ್ ತಗೋ. ಮುಂದಿನ ಜೋಡಣೆ ಹಾಗೇ ಇರುತ್ತದೆ, ಬಡಿತಗಳೂ ಸೇರಿಯೇ ಬರುತ್ತವೆ. ಆದರೆ ಗಾಡಿಯ ಕೆಳಗೆ ಒಮ್ಮೆ ಇಣುಕಿ ನೋಡು. ಎಡಗಡೆ ಪೆಟ್ರೋಲ್ ಟ್ಯಾಂಕ್. ಹಿಂದೆ ಮಧ್ಯದಲ್ಲಿ ಸ್ಟೆಪ್ನಿ. ಅದರ ಹಿಂದೆ ಟ್ರೈಲರ್ ಹಿಚ್. ಕಂಪನಿಯವರು ಪೈಪನ್ನು ಬಲಗಡೆಗೆ ತಂದಿರುವುದು ಇದಕ್ಕೇ. ಎಡಕ್ಕೆ ಇನ್ನೊಂದು ಪೈಪ್ ಎಳೆಯಬೇಕಾದರೆ ಇವುಗಳ ಸಂದಿನಲ್ಲೇ ಹೋಗಬೇಕು. ಟ್ಯಾಂಕಿಗೆ, ಸ್ಟೆಪ್ನಿಗೆ, ಬ್ರೇಕ್ ಪೈಪಿಗೆ ಕಾವು ತಾಗಬಾರದು. ಟ್ರೈಲರ್ ಭಾರ ಬಿದ್ದಾಗ ಆಕ್ಸಲ್ ಮೇಲೆ ಬರುತ್ತದೆ, ಆಗಲೂ ಪೈಪಿಗೆ ಬಡಿಯಬಾರದು. ಲಿಫ್ಟಿನ ಮೇಲೆ ಚಕ್ರ ನೇತಾಡುವಾಗ ಜಾಗ ಬೇಕಾದಷ್ಟು ಕಾಣುತ್ತದೆ, ನೆಲಕ್ಕಿಳಿಸಿದ ಮೇಲೆ ನೋಡಬೇಕು.

ಪೈಪಿನ ಬಾಯಿ ಬಾಡಿಯಿಂದ ಆಚೆಗೇ ಬರಬೇಕು. ಇದರಲ್ಲಿ ರಾಜಿ ಇಲ್ಲ. ಚಕ್ರದ ಮುಂದೆಯೇ ಪಕ್ಕಕ್ಕೆ ಬಿಡುವ ಪೈಪ್ ನೋಡಲು ಚೆಂದ, ನಿನಗೆ ಬೇಡ. ನೀನು ಹಿಂದಿನ ತೊಟ್ಟಿಗೆ ಟಾಪರ್ (ಮೇಲೆ ಮುಚ್ಚುವ ಮಾಡು) ಹಾಕಿಸಿದ್ದೀಯ. ಗಾಡಿ ಓಡುವಾಗ ಹಿಂದಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಕ್ಯಾಬಿನ್ನಿನ ಹಿಂದಿನ ಕಿಟಕಿ ತೆಗೆದಿದ್ದರೆ ಹೊಗೆ ಸೀದಾ ಮಗುವಿನ ಸೀಟಿಗೇ ಬರುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಈಗಿನ ತೂತು ಸರಿಯಾಗುವವರೆಗೆ ಗ್ಯಾರೇಜಿನೊಳಗೆ ರಿಮೋಟ್ ಸ್ಟಾರ್ಟ್ ಒತ್ತಲೇಬೇಡ. ಸರಿಯಾದ ಮೇಲೂ ಒತ್ತಬೇಡ.

ತುಕ್ಕಿನ ವಿಷಯ. ಡೆಟ್ರಾಯ್ಟ್ ಊರಿನ ಕೆಳಗೆ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯೇ ಇದೆ, ಚಳಿಗಾಲದಲ್ಲಿ ಆ ಉಪ್ಪು ರಸ್ತೆಗೆ ಬೀಳುತ್ತದೆ. ಇದು ಹೊರಗಿನ ತುಕ್ಕು. ಒಳಗಿನದೂ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ. ಡೇಕೇರಿಗೆ ಹೋಗಿ ಬರುವಷ್ಟು ದೂರದಲ್ಲಿ ಮಫ್ಲರ್ ಕಾಯುವುದೇ ಇಲ್ಲ, ನೀರು ಒಳಗೇ ನಿಂತು ತಿನ್ನುತ್ತದೆ. ಪೈಪ್ ಎರಡಾದರೆ ಒಂದೊಂದರಲ್ಲೂ ಅರ್ಧ ಹೊಗೆ, ಎರಡೂ ತಣ್ಣಗೆ, ಇನ್ನೂ ಬೇಗ ತುಕ್ಕು. ಅಲ್ಯೂಮಿನಿಯಂ ಲೇಪನದ ಸ್ಟೀಲ್ ಅಗ್ಗ, ಆದರೆ ಕತ್ತರಿಸಿದ ಕಡೆ, ವೆಲ್ಡ್ ಮಾಡಿದ ಕಡೆ ಲೇಪನ ಹೋಗಿರುತ್ತದೆ. ಅರಿಜೋನಾದಲ್ಲಿ ಅದು ನಡೆಯುತ್ತದೆ, ಮಿಶಿಗನ್‌ನಲ್ಲಿ ನಾನು ದುಡ್ಡು ಹಾಕುವುದಿಲ್ಲ. 409, 304 ಅನ್ನುವುದು ಸ್ಟೇನ್‌ಲೆಸ್ ಸ್ಟೀಲಿನ ಜಾತಿಯ ನಂಬರ್. 409 ಸ್ಟೇನ್‌ಲೆಸ್ ಮೇಲ್ಗಡೆ ಕಂದು ಬಣ್ಣಕ್ಕೆ ತಿರುಗುತ್ತದೆ, ತೂತು ಬೀಳಲು ಬಹಳ ಕಾಲ ಬೇಕು. 304ರಲ್ಲಿ ನೂರಕ್ಕೆ ಕ್ರೋಮಿಯಂ ಸುಮಾರು 18 ಪಾಲು, ನಿಕಲ್ 8 ಪಾಲು. ಈ ಮೂರರಲ್ಲಿ ಎಲ್ಲಕ್ಕಿಂತ ಗಟ್ಟಿ, ದುಬಾರಿ. ಈ ಗಾಡಿಯನ್ನು ಇನ್ನೂ ಆರೇಳು ವರ್ಷ ಇಟ್ಟುಕೊಳ್ಳುವೆಯಾದರೆ 304, ಇಲ್ಲದಿದ್ದರೆ 409. "ಸ್ಟೇನ್‌ಲೆಸ್" ಅಂತ ಮಾತ್ರ ಬರೆದು ನಂಬರ್ ಹಾಕದಿದ್ದರೆ ಕೇಳದೆ ತಗೋಬೇಡ.

ಅಂಗಡಿಯವನಿಗೆ ನಾಲ್ಕು ಮಾತು ಹೇಳು. ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಬಾರದು, ಅದನ್ನು ತೆಗೆಯುವುದು ಕೇಂದ್ರದ ಕ್ಲೀನ್ ಏರ್ ಕಾಯ್ದೆಗೆ ವಿರುದ್ಧ. ಮಿಶಿಗನ್‌ನಲ್ಲಿ ವರ್ಷಕ್ಕೊಮ್ಮೆ ಗಾಡಿ ತಪಾಸಣೆ ಇಲ್ಲ, ಹಾಗಾಗಿ "ಯಾರು ನೋಡುತ್ತಾರೆ" ಅನ್ನುವವರು ಸಿಗುತ್ತಾರೆ. ನೀನು ಒಪ್ಪಬೇಡ. ತಿರುವುಗಳು ಮ್ಯಾಂಡ್ರೆಲ್ ಬೆಂಡ್ (ಪೈಪಿನ ಒಳಗೆ ಆಧಾರ ಕೊಟ್ಟು ಬಗ್ಗಿಸಿದ್ದು) ಆಗಿರಬೇಕು, ಒತ್ತಿ ಬಗ್ಗಿಸಿದರೆ ಪೈಪ್ ಅಲ್ಲಿ ಚಪ್ಪಟೆಯಾಗಿ ಮೂರು ಇಂಚು ಮೂರು ಇಂಚಾಗಿ ಉಳಿಯುವುದಿಲ್ಲ. ಜೋಡಣೆಗೆ ಅಗಲ ಪಟ್ಟಿಯ ಬ್ಯಾಂಡ್ ಕ್ಲ್ಯಾಂಪ್ ಬೇಕು, ಯು ಆಕಾರದ ಬೋಲ್ಟ್ ಪೈಪನ್ನು ಜಜ್ಜುತ್ತದೆ, ಮುಂದೆ ಬಿಚ್ಚಲು ಬರುವುದಿಲ್ಲ. ವೆಲ್ಡಿಂಗ್ ಮಾಡುವುದಾದರೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಲಿ. ನೇತು ಹಾಕುವ ರಬ್ಬರುಗಳನ್ನೂ ಹೊಸದು ಹಾಕಿಸು, ಅವು ಚಿಲ್ಲರೆ ದುಡ್ಡು.

ನಿನ್ನ ಗಾಡಿಯ ಕ್ಯಾಬ್ ಯಾವುದು, ಹಿಂದಿನ ತೊಟ್ಟಿ ಎಷ್ಟು ಅಡಿ ಅಂತ ಮೆಸೇಜ್ ಹಾಕು. ಅದರ ಮೇಲೆ ಪೈಪಿನ ಉದ್ದ ಬದಲಾಗುತ್ತದೆ, ಸೆಟ್ ತಪ್ಪಾಗಿ ಬಂದರೆ ವಾಪಸ್ ಕಳಿಸುವುದು ಕಷ್ಟ. ನಾಳೆ ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡುವಾಗ ಎರಡೂ ಮಗ್ಗುಲಿನ ವಿಡಿಯೋ ತೆಗೆದು ಕಳಿಸು. ಬೋಲ್ಟ್ ಮುರಿದಿದೆಯಾ ಇಲ್ಲವಾ ಕೇಳಿ ಹೇಳುತ್ತೇನೆ, ಆಮೇಲೆ ಆರ್ಡರ್ ಮಾಡು.